ಒಂಬತ್ತೂ ಕಾಲು ಇಂಚು

ಒಬ್ಬ ಮನುಷ್ಯ ಸಂಜೆ ಐದಕ್ಕೆ ಕೆಲಸದಿಂದ ನಿವೃತ್ತನಾಗಿ ಐದೂ ಮುಕ್ಕಾಲಿಗೆ ಶಸ್ತ್ರಧಾರಿಯಾಗಬಹುದು ಎಂದರೆ ಯಾರೂ ನಂಬಲಿಕ್ಕಿಲ್ಲ. ಕಟಿಂಗ್ ಮಾಸ್ತರೂ ನಂಬಿರಲಿಲ್ಲ. ನಂಬಿದ್ದು ಕಾನೂನು ಒಂದೇ. ಅದು ಯಾರ ವಿಷಯದಲ್ಲಾದರೂ ಏನನ್ನಾದರೂ ಒಮ್ಮೆ ನಂಬಿತೆಂದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮಾಸ್ತರು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದವರು. ಊರಿನ ಕಾವಲುಗಾರರು, ದಾದಿಯರು, ಬಸ್ಸಿನ ಚಾಲಕರು, ಪೊಲೀಸರು ಎಲ್ಲರೂ ಅವರು ಕತ್ತರಿಸಿದ ಬಟ್ಟೆಯೊಳಗೇ ಓಡಾಡುತ್ತಿದ್ದರು. ಸೈಜು ಒಂದರಿಂದ ಏಳು. ಲೋಕದಲ್ಲಿ ಎಂಟನೆಯ ಥರದ ಮನುಷ್ಯ ಇಲ್ಲವೆಂಬುದು ಕಾರ್ಖಾನೆಯ ಅಚಲ ನಂಬಿಕೆ. ಮಾಸ್ತರಿಗೆ ಇದ್ದ ಹೆಮ್ಮೆಯೂ ಒಂದೇ, ಅದು ಅಳತೆ. ಎರಡು ಅಂಗೈಗಳನ್ನು ಎದುರುಬದುರು ಹಿಡಿದು ‘ಹನ್ನೊಂದೂವರೆ’ ಎಂದರೆ, ನಡುವೆ ಇರುವ ಗಾಳಿಯನ್ನು ಯಾರು ಬೇಕಾದರೂ ಟೇಪು ಹಿಡಿದು ನೋಡಬಹುದಿತ್ತು.

ಆದರೆ ಮನೆಯ ಯಾವ ಬಟ್ಟೆಗೂ ಅವರ ಕತ್ತರಿ ತಾಗಿರಲಿಲ್ಲ. ಉಪಕರಣಗಳು ಗೇಟು ದಾಟಬಾರದು ಎಂಬ ನಿಯಮವಿತ್ತು. ಹೆಂಡತಿ ಹತ್ತೊಂಬತ್ತು ವರ್ಷದ ಹಿಂದೆ ತನಗೊಂದು ಕೋಟು ಹೊಲಿಸಲೆಂದು ತಂದ ಕಡುನೀಲಿ ಬಟ್ಟೆ ಟ್ರಂಕಿನಲ್ಲಿ ಮಡಿಸಿದ ಹಾಗೇ ಇತ್ತು. “ಮನೆ ಕತ್ತರಿಯಲ್ಲೇ ಕತ್ತರಿಸಿಕೊಡಿ” ಎಂದು ಅವಳು ಕೇಳಿದಾಗ ಮಾಸ್ತರು, “ಅದು ಕಾಗದ ಕತ್ತರಿಸೋದು ಕಣೇ. ಒಳ್ಳೇ ಬಟ್ಟೆಗೆ ಅವಮಾನ” ಎಂದಿದ್ದರು. ಬೇರೆ ದರ್ಜಿಗೆ ಕೊಡುತ್ತೇನೆಂದಾಗ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ನಿವೃತ್ತಿಯ ದಿನ ಮ್ಯಾನೇಜರು ಭಾಷಣ ಮಾಡಿ, ಒಳಗೆ ಮೆತ್ತೆ ಹಾಕಿದ ಮರದ ಪೆಟ್ಟಿಗೆಯಲ್ಲಿ ಆ ಕತ್ತರಿಯನ್ನೇ ಇಟ್ಟು, “ಇನ್ನು ಇದು ನಿಮ್ಮದು” ಎಂದರು. ಜೊತೆಗೆ ಒಂದು ಗೇಟ್ ಪಾಸು: ‘ಹರಿತವಾದ ವಸ್ತು, ಒಂದು.’ ಮಾಸ್ತರಿಗೆ ಕಣ್ಣು ಮಂಜಾಗಿತ್ತು. ಇಪ್ಪತ್ತೆರಡು ವರ್ಷ ಪ್ರತಿ ಸಂಜೆ ಅವರ ಊಟದ ಡಬ್ಬಿ ಬಿಚ್ಚಿಸಿ ನೋಡಿದ್ದ ಗೇಟ್‌ಮನ್ ಆ ಹೊತ್ತಿಗೆ ಸರಿಯಾಗಿ ಲಾರಿಗೆ ದೊಡ್ಡ ಬಾಗಿಲು ತೆರೆಯುತ್ತಿದ್ದ. ಮಾಸ್ತರು ಪಾಸನ್ನು ಅವನ ಮೇಜಿನ ಮೇಲಿಟ್ಟು, ಮುದ್ರೆ ಹಾಕಿಸಿಕೊಳ್ಳುವುದನ್ನೂ ಮರೆತು, ಜೀವನದಲ್ಲಿ ಮೊದಲ ಸಲ ತಪಾಸಣೆಯಿಲ್ಲದೆ ಹೊರಬಿದ್ದರು.

ಅವರ ಮನೆ ಮೂರನೆಯ ಮಹಡಿ. ಎರಡಕ್ಕೂ ಮೂರಕ್ಕೂ ನಡುವಿನ ಮೆಟ್ಟಿಲಿಗೆ ಕಿಟಕಿಯಿಲ್ಲ, ಇದ್ದ ಬಲ್ಬು ಎರಡು ತಿಂಗಳಿಂದ ಕೆಟ್ಟಿತ್ತು. ಅದನ್ನು ಯಾರು ಬದಲಿಸಬೇಕೆಂದು ಕಟ್ಟಡದ ಸಂಘದ ಕಾರ್ಯದರ್ಶಿಗಳಿಗೂ ಕಟ್ಟಡದ ಮಾಲೀಕರಿಗೂ ಪತ್ರಯುದ್ಧ ನಡೆದಿತ್ತು. ಮಾಸ್ತರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಆ ಕತ್ತಲಿಗೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಬುಸುಬುಸು ಉಸಿರಿನ ಸದ್ದು. ಭುಜದ ಮೇಲೆ ಒಂದು ಕೈ ಬಿತ್ತು.

ಆಗ ಮಾಸ್ತರ ಬಾಯಿಂದ ಹೊರಟ ಕೂಗನ್ನು ಮನುಷ್ಯರ ಕೂಗು ಎನ್ನುವುದು ಕಷ್ಟ. ಪೆಟ್ಟಿಗೆ ಜಾರಿತು, ಮುಚ್ಚಳ ಹಾರಿತು, ಕತ್ತರಿ ಕಲ್ಲುಮೆಟ್ಟಿಲ ಮೇಲೆ ಝಣ್ಣೆಂದು ಬಿತ್ತು. ಹಿಂದಿದ್ದವನೂ ಅಷ್ಟೇ ದೊಡ್ಡದಾಗಿ ಕೂಗಿ, ಕೆಳಗೆ ಓಡಿ, ನಡುವೆ ಎಲ್ಲೋ ದೊಪ್ಪನೆ ಬಿದ್ದು, ಎದ್ದು ಮತ್ತೆ ಓಡಿದ. ನಡೆದದ್ದು ಇಷ್ಟೇ. ಇಷ್ಟೇ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಇದನ್ನು ನೆನಪಿಟ್ಟುಕೊಳ್ಳುವವರು ಯಾರೂ ಸಿಗುವುದಿಲ್ಲ.

ಮನೆಯಲ್ಲಿ ಹೆಂಡತಿ, ಅವಳ ತಮ್ಮ ಇಬ್ಬರೂ ಕಾಯುತ್ತಿದ್ದರು. ಭಾಮೈದ ಕೋರ್ಟಿನಲ್ಲಿ ಟೈಪಿಸ್ಟ್. ಇಪ್ಪತ್ತು ವರ್ಷ ಕಂಡವರ ಅಪರಾಧಗಳನ್ನು ಟೈಪು ಮಾಡಿ ಮಾಡಿ, ತಾನು ಮಾಡದಿದ್ದ ಅಪರಾಧವೇ ಇಲ್ಲ ಎನ್ನುವಷ್ಟು ಅನುಭವ ಗಳಿಸಿದ್ದ.

“ಪೆಟ್ಟಿಗೆ ಮೂಲೆ ಜಜ್ಜಿದೆಯಲ್ರೀ,” ಎಂದಳು ಹೆಂಡತಿ. “ಮೊದಲ ದಿನವೇ ಬೀಳಿಸಿದ್ರಾ?”

“ಇನ್ನು ಭಾವ ಇಡೀ ದಿನ ಮನೇಲೇ,” ಎಂದು ಭಾಮೈದ ನಕ್ಕ. “ಪಿಂಗಾಣಿ ಸಾಮಾನೆಲ್ಲ ಮೇಲೆ ಎತ್ತಿಡಕ್ಕ.”

ಮಾಸ್ತರಿಗೆ ಎಲ್ಲೋ ಚುಚ್ಚಿತು. “ಬೀಳಿಸಲಿಲ್ಲ,” ಎಂದರು. “ಮೆಟ್ಟಿಲಲ್ಲಿ ಒಬ್ಬ ಮೇಲೆ ಬಿದ್ದ. ಕತ್ತರಿ ತೆಗೆದೆ. ಓಡಿಹೋದ.”

ನಗು ನಿಂತಿತು. ಭಾಮೈದ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಈ ಮನೆಯಲ್ಲಿ ಮಾಸ್ತರ ಮಾತಿಗೆ ಕುರ್ಚಿಯೊಂದು ಮುಂದಕ್ಕೆ ಬಂದದ್ದು ಅದೇ ಮೊದಲು.

“ತೆಗೆದಿರೋ, ತೋರಿಸಿದಿರೋ, ಬೀಸಿದಿರೋ? ಮೂರಕ್ಕೂ ಬೇರೆ ಬೇರೆ ಕಲಮು ಇದೆ ಭಾವ.”

“ತೋರಿಸಿದೆ.”

“ಅವನ ಕೈಲಿ ಏನಿತ್ತು?”

“ಏನೂ... ಕತ್ತಲಿತ್ತಪ್ಪ.”

“ಬರಿಗೈಯವನಿಗೆ ಕತ್ತರಿ ತೋರಿಸಿದ್ರೆ ಅದು ಆತ್ಮರಕ್ಷಣೆ ಅಲ್ಲ, ಬೆದರಿಕೆ. ಎದುರಿಗೆ ಅಪಾಯ ಎಷ್ಟಿದೆಯೋ ನಮ್ಮ ಉತ್ತರವೂ ಅಷ್ಟೇ ಇರಬೇಕು. ನಿಧಾನವಾಗಿ ನೆನಪು ಮಾಡ್ಕೊಳ್ಳಿ.”

ಮಾಸ್ತರು ನಿಧಾನವಾಗಿ ನೆನಪು ಮಾಡಿಕೊಂಡರು. “ಚಾಕು ಇತ್ತು.”

“ಎಷ್ಟುದ್ದ?”

“ಹನ್ನೆರಡು ಇಂಚು,” ಎಂದು ಮಾಸ್ತರು ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದರು. ಹೆಂಡತಿ ಆ ಕೈಗಳನ್ನು ಒಂದು ಗಳಿಗೆ ನೋಡಿ, ಚಹಾ ತರಲು ಒಳಗೆ ಹೋದಳು.

“ಹಿಂದೆ ಸರಿಯೋಕೆ ಜಾಗ ಇತ್ತಾ? ಇದ್ದೂ ಸರಿಯದಿದ್ರೆ ಕಷ್ಟ.”

“ಇಲ್ಲ. ಹಿಂದೆ ಗೋಡೆ ಇತ್ತು.”

“ಸಹಾಯಕ್ಕೆ ಯಾರನ್ನಾದ್ರೂ ಕರೆಯೋಷ್ಟು ಸಮಯ?”

“ಎಲ್ಲಿಂದ ಬರ್ಬೇಕು!”

“ಓಡಿದವನನ್ನ ಅಟ್ಟಿಸ್ಕೊಂಡು ಹೋದ್ರಾ?”

“ದೇವರಾಣೆ ಇಲ್ಲ,” ಎಂದರು ಮಾಸ್ತರು. ಇಡೀ ಹೇಳಿಕೆಯಲ್ಲಿ ಇದೊಂದು ಅಪ್ಪಟ ಸತ್ಯ. ಹಾಗಾಗಿ ದನಿಯೂ ಗಟ್ಟಿಯಾಗಿ ಬಂತು.

ಭಾಮೈದ ನಿಟ್ಟುಸಿರು ಬಿಟ್ಟ. ಕಾನೂನಿನ ಕಣ್ಣಿಗೆ ಇಷ್ಟು ನಿರ್ದೋಷಿಯಾದ ಮನುಷ್ಯನನ್ನು ಅವನು ನೋಡಿರಲಿಲ್ಲ. ಅಪಾಯ ಎದುರಿಗಿತ್ತು, ಗೋಡೆ ಹಿಂದಿತ್ತು, ಬಲ ಬೇಕಾದಷ್ಟೇ ಇತ್ತು. ಆದರೆ ಚಹಾ ಅರ್ಧ ಕುಡಿದವನು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟ.

“ಆ ಕತ್ತರಿ ಕೈಯಲ್ಲಿ ಹಿಡ್ಕೊಂಡು ಓಡಾಡೋಕೆ ನಿಮಗೆ ಕಾರಣ ಏನಿತ್ತು ಭಾವ? ಒಂಬತ್ತು ಇಂಚು ಮೀರಿದ ಅಲಗು ಸಾರ್ವಜನಿಕ ಜಾಗದಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಕಸುಬಿನ ಸಾಮಾನಾದ್ರೆ ಪರವಾಗಿಲ್ಲ.”

“ಕಸುಬಿನದೇ ಅಲ್ವೇನೋ!”

“ನಿವೃತ್ತಿ ಎಷ್ಟು ಗಂಟೆಗೆ?”

“ಐದಕ್ಕೆ.”

“ಘಟನೆ?”

“ಐದೂ ಮುಕ್ಕಾಲು.”

ಮೂವತ್ತೊಂದು ವರ್ಷ ಕತ್ತರಿಯಾಗಿದ್ದದ್ದು ಐದು ಗಂಟೆಯಿಂದ ಆಯುಧವಾಗಿ ಮೇಜಿನ ಮೇಲೆ ಕೂತಿತ್ತು. ಮಾಸ್ತರು ಮೆಲ್ಲಗೆ ಅದರ ಮುಚ್ಚಳ ಮುಚ್ಚಿದರು.

“ಹೊರಗೆ ಹೇಳ್ಬೇಡಿ,” ಎಂದ ಭಾಮೈದ.

ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆ ಎರಡು ಕೂಗು ಕಟ್ಟಡಕ್ಕೆಲ್ಲ ಕೇಳಿತ್ತು. ಬೆಳಿಗ್ಗೆ ಏಳಕ್ಕೇ ಕಾರ್ಯದರ್ಶಿಗಳು ಬಂದು, ಮಾಸ್ತರ ಕೈ ಹಿಡಿದುಕೊಂಡು, ಮಗನ ಮದುವೆ ಗೊತ್ತಾದವರ ಹಾಗೆ ಬೀಗಿದರು. “ನಮ್ಮ ಮೆಟ್ಟಿಲ ಮೇಲೆ ಕೊಲೆ ಯತ್ನ! ಇನ್ನು ಆ ಮಾಲೀಕ ಹೇಗೆ ಬಲ್ಬು ಹಾಕಿಸಲ್ಲ ನೋಡ್ತೀನಿ. ಪೊಲೀಸರಿಗೆ ರಾತ್ರಿಯೇ ಬರೆದು ಕೊಟ್ಟೆ. ನೀವು ಗಟ್ಟಿಯಾಗಿ ನಿಂತ್ಕೋಬೇಕು ಮಾಸ್ತರೇ.”

ಅವರ ಹಿಂದೆ ಮಿಕ್ಕವರು. ಎದುರುಮನೆಯಾಕೆ ತನ್ನನ್ನು ಬಸ್ಸಿನವರೆಗೆ ಬಿಟ್ಟು ಬರಬೇಕೆಂದಳು, “ನೀವು ಜೊತೆಗಿದ್ರೆ ಒಂಥರಾ ಧೈರ್ಯ.” ಕೆಳಮನೆಯವರು ಮಗಳಿಗೆ ಅಂಥ ಒಂದೆರಡು ಪಟ್ಟು ಕಲಿಸಿಕೊಡಿ ಎಂದರು. ನಿನ್ನೆಯವರೆಗೆ ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಿದ್ದವರು ಇವತ್ತು ಕುರ್ಚಿ ಸಾಲದೆ ನಿಂತಿದ್ದರು. ಮಾಸ್ತರು ಮತ್ತೆ ಮತ್ತೆ ಹೇಳಬೇಕಾಯಿತು, ಮತ್ತೆ ಮತ್ತೆ ಕೈ ಅಗಲಿಸಬೇಕಾಯಿತು. ಹೆಂಡತಿ ಪ್ರತಿ ಸಲವೂ ಬಾಗಿಲಿಗೆ ಒರಗಿ ನಿಂತು ಕೈಗಳನ್ನೇ ನೋಡುತ್ತಿದ್ದಳು.

ಹತ್ತಕ್ಕೆ ಪೊಲೀಸ್ ಅಧಿಕಾರಿ ಬಂದರು. ದಣಿದ ಮುಖ, ಬಗಲಲ್ಲಿ ಕಡತ. ಎಲ್ಲ ಕೇಳಿ, “ಆಯುಧ ತೋರಿಸಿ” ಎಂದರು.

ಮಾಸ್ತರು ಪೆಟ್ಟಿಗೆ ತೆರೆದರು. ಅಧಿಕಾರಿ ಜೇಬಿನಿಂದ ಟೇಪು ತೆಗೆದು ಅಲಗಿನ ಮೇಲೆ ಹಿಡಿದರು. ಟೇಪು ನಡುವೆ ಸ್ವಲ್ಪ ಜೋಲುತ್ತಿತ್ತು. ತುದಿಯೂ ಸರಿಯಾಗಿ ಕೂತಿರಲಿಲ್ಲ. ಅಧಿಕಾರಿ ಕಣ್ಣು ಕಿರಿದು ಮಾಡಿ ನೋಡಿ, “ಒಂಬತ್ತು,” ಎಂದರು. “ಸರಿಯಾಗಿ ಒಂಬತ್ತು. ಮಿತಿಯೊಳಗೇ ಇದೆ. ಬಚಾವಾದ್ರಿ ನೀವು.”

ಭಾಮೈದನ ಮುಖ ಅರಳಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಮಾಸ್ತರ ಮುಖದಲ್ಲಿ ಒಂದು ನೋವು ಕಾಣಿಸಿಕೊಂಡಿತು, ಹಾಡುಗಾರನ ಎದುರು ಯಾರೋ ಅಪಸ್ವರ ಹಾಡಿದಂಥ ನೋವು. ತಡೆದುಕೊಳ್ಳಲು ನೋಡಿದರು. ಆಗಲಿಲ್ಲ.

“ಟೇಪು ಬಿಗಿಯಾಗಿ ಹಿಡೀರಿ ಸಾರ್,” ಎಂದರು. “ತುದಿ ಹೀಗೆ ಕೂರಬೇಕು. ನೋಡಿ. ಒಂಬತ್ತೂ ಕಾಲು.”

“ಭಾವ!” ಎಂದ ಭಾಮೈದ.

“ಒಂಬತ್ತೂ ಕಾಲೇ ಕಣೋ. ಸುಳ್ಳು ಯಾಕೆ ಹೇಳ್ಲಿ?”

ಅಧಿಕಾರಿ ಅವರನ್ನೊಮ್ಮೆ ನೋಡಿ, ಬಹಳ ಹೊತ್ತು ನೋಡಿ, ಕಡತ ಬಿಚ್ಚಿದರು. ‘ಅಲಗು ಎರಡು, ನಡುವೆ ಮೊಳೆ’ ಎಂದು ಬರೆದು, ಇದು ಒಂದು ಆಯುಧವೋ ಎರಡೋ ಎಂದು ಯೋಚಿಸಿದರು. “ಮೊಳೆ ಬಿಚ್ಚಿದ್ರೆ ಎರಡಾಗುತ್ತೆ ಸಾರ್,” ಎಂದು ಭಾಮೈದ ಅಭ್ಯಾಸಬಲದಿಂದ ನೆರವಾದ. ಅಕ್ಕ ಅವನ ಕಾಲು ತುಳಿದಳು. ಕೊನೆಗೆ ಅಧಿಕಾರಿ ಒಂದು ಎಂದೇ ಬರೆದು, ರಸೀದಿ ಹರಿದುಕೊಟ್ಟು, ಪೆಟ್ಟಿಗೆಯನ್ನು ಬಗಲಿಗಿರಿಸಿಕೊಂಡರು.

“ಮೂರು ಗಂಟೆಗೆ ಸ್ಟೇಷನ್ನಿಗೆ ಬನ್ನಿ. ಇದೇ ಮೆಟ್ಟಿಲಿನ ಬಗ್ಗೆ ಇನ್ನೊಂದು ದೂರೂ ಬಂದಿದೆ. ಕಾರಣ ಸರಿಹೋಗದಿದ್ರೆ ಇದು ಕೋರ್ಟಿಗೆ ಹೋಗುತ್ತೆ, ಆಮೇಲೆ ಕರಗಿಸೋ ಕುಲುಮೆಗೆ. ವಶಪಡಿಸಿಕೊಂಡ ಕಬ್ಬಿಣ ಎಲ್ಲ ಅಲ್ಲಿಗೇ ಹೋಗೋದು.”

ಅವರು ಹೋದ ಮೇಲೆ ಜನವೂ ಕರಗಿದರು. ಮಾಸ್ತರು ಬರಿದಾದ ಮೇಜಿನ ಮುಂದೆ ಕೂತರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೂವತ್ತೊಂದು ವರ್ಷದ ಗಂಟು. ಆ ಹೆಬ್ಬೆರಳು ತನ್ನಷ್ಟಕ್ಕೆ ತೆರೆದುಕೊಳ್ಳುತ್ತ ಮುಚ್ಚಿಕೊಳ್ಳುತ್ತ ಇತ್ತು. ಒಳಗೆ ಹೆಂಡತಿ ಟ್ರಂಕಿನ ಮುಚ್ಚಳ ಎತ್ತುವ ಸದ್ದಾಯಿತು. ಮಾಸ್ತರು ತಲೆಯೆತ್ತಲಿಲ್ಲ.

ಭಾಮೈದ ಮಧ್ಯಾಹ್ನ ಟೈಪು ಮಾಡಿದ ಹೇಳಿಕೆಗೆ ಹನ್ನೆರಡು ಕಂಡಿಕೆ. ಗೋಡೆಗೇ ಒಂದು ಇಡೀ ಕಂಡಿಕೆ.

ಮೂರಕ್ಕೆ ಮಾಸ್ತರು, ಹೆಂಡತಿ, ಭಾಮೈದ, ಕಾರ್ಯದರ್ಶಿಗಳು ಸ್ಟೇಷನ್ನಿಗೆ ಹೋದರೆ ಅಲ್ಲಿ ಬೆಂಚಿನ ಮೇಲೆ ಗೇಟ್‌ಮನ್ ಕೂತಿದ್ದ. ಒಂದು ಮೊಣಕಾಲಿಗೆ ಪಟ್ಟಿ, ಪ್ಯಾಂಟು ಅಲ್ಲೇ ಹರಿದಿತ್ತು. ಮಾಸ್ತರು ಅವನನ್ನು ಕಂಡು, “ನೀನೇನಪ್ಪ ಇಲ್ಲಿ?” ಎಂದರು. ಅವನು ಮುಖ ತಿರುಗಿಸಿಕೊಂಡ.

ಅಧಿಕಾರಿ ಎರಡು ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದಿದರು. ಮಾಸ್ತರದು ಎಲ್ಲರಿಗೂ ಗೊತ್ತಿದ್ದದ್ದೇ. ಗೇಟ್‌ಮನ್ನಿನದು ಹೀಗಿತ್ತು: ಮಾಸ್ತರು ಪಾಸಿಗೆ ಮುದ್ರೆ ಹಾಕಿಸದೆ ಕತ್ತರಿ ಸಾಗಿಸುತ್ತಿದ್ದರು, ಕರ್ತವ್ಯನಿಷ್ಠನಾದ ತಾನು ಗೇಟು ಬಿಟ್ಟು ಹಿಂಬಾಲಿಸಿದೆ, ಕತ್ತಲಲ್ಲಿ ಮಾಸ್ತರು ತಿರುಗಿ ಕತ್ತರಿ ಬೀಸಿದರು, ಒಮ್ಮೆ ಅಲ್ಲ, ಮೂರು ಸಲ, ತನ್ನ ಹಿಂದೆ ಗೋಡೆ ಇತ್ತು, ತಾನು ಟಾರ್ಚಿನಿಂದ ಬೇಕಾದಷ್ಟೇ ಬಲ ಬಳಸಿ ತಡೆದೆ.

“ಟಾರ್ಚಾ?” ಎಂದರು ಮಾಸ್ತರು. “ಟಾರ್ಚಿದ್ರೆ ಹಚ್ಚಬಾರದಿತ್ತೇನಯ್ಯಾ?”

“ನೀವು ಪಾಸು ಮರೆತು ಹೋಗದೆ ಇರಬಾರದಿತ್ತಾ?” ಎಂದ ಗೇಟ್‌ಮನ್. ಗೇಟು ಬಿಟ್ಟು ಹೋದದ್ದಕ್ಕೂ ಮೊಣಕಾಲು ಒಡೆದದ್ದಕ್ಕೂ ಅವನು ಕಾರ್ಖಾನೆಗೆ ಲಿಖಿತ ಕಾರಣ ಕೊಡಬೇಕಿತ್ತು. ಹೆದರಿ ಓಡಿ ಬಿದ್ದೆ ಎಂಬುದನ್ನು ಯಾವ ಫಾರಮ್ಮಿನಲ್ಲೂ ಬರೆಯಲು ಬರುವುದಿಲ್ಲ.

ಅಧಿಕಾರಿ ಕನ್ನಡಕ ತೆಗೆದರು. “ಇಬ್ಬರೂ ಆತ್ಮರಕ್ಷಣೆ ಮಾಡ್ಕೊಂಡಿದ್ದೀರಿ. ಇಬ್ಬರ ಹಿಂದೆಯೂ ಗೋಡೆ ಇತ್ತು. ಇಬ್ಬರೂ ಬೇಕಾದಷ್ಟೇ ಬಲ ಬಳಸಿದ್ದೀರಿ. ಕಾನೂನಿನ ಪ್ರಕಾರ ಎರಡೂ ಹೇಳಿಕೆ ತುಂಬ ಚೆನ್ನಾಗಿವೆ. ಹಾಗಾದ್ರೆ ಆಕ್ರಮಣ ಮಾಡಿದವರು ಯಾರು? ಮೆಟ್ಟಿಲಾ?”

“ಬಲ್ಬು ಸಾರ್,” ಎಂದರು ಹಿಂದಿನಿಂದ ಕಾರ್ಯದರ್ಶಿಗಳು. “ಮೂಲ ಕಾರಣ ಬಲ್ಬು.”

“ನೀವು ಕೂತ್ಕೊಳ್ಳಿ.” ಅಧಿಕಾರಿ ಮಾಸ್ತರ ಕಡೆ ತಿರುಗಿದರು. “ಹನ್ನೆರಡು ಇಂಚಿನ ಚಾಕು ಅಂದಿದ್ದೀರಿ. ಅದು ನಿಜವಾದ್ರೆ ಈ ಮನುಷ್ಯ ಇವತ್ತೇ ಒಳಗೆ ಹೋಗ್ತಾನೆ. ಕೆಲಸವೂ ಹೋಗುತ್ತೆ. ಚಾಕು ಇತ್ತಾ?”

ಭಾಮೈದ ತುಟಿಯಲ್ಲೇ ‘ಇತ್ತು’ ಎಂದು ಸೂಚಿಸಿದ. ಕಾರ್ಯದರ್ಶಿಗಳು ಉಸಿರು ಹಿಡಿದರು. ಮಾಸ್ತರು ಗೇಟ್‌ಮನ್ನಿನ ಹರಿದ ಪ್ಯಾಂಟು ನೋಡುತ್ತಿದ್ದರು. ಸೈಜು ನಾಲ್ಕು. ಅವರೇ ಕತ್ತರಿಸಿದ್ದು. ಈ ಮನುಷ್ಯ ಇಪ್ಪತ್ತೆರಡು ವರ್ಷ ಅವರ ಡಬ್ಬಿ ಬಿಚ್ಚಿಸಿದ್ದ, ಒಂದು ದಿನವೂ ಏನೂ ಸಿಕ್ಕಿರಲಿಲ್ಲ, ಒಂದು ದಿನವೂ ‘ಏನೂ ಸಿಗಲಿಲ್ಲ’ ಎಂದು ಬೇಸರಪಟ್ಟಿರಲಿಲ್ಲ.

“ಇರ್ಲಿಲ್ಲ,” ಎಂದರು.

“ಏನು?”

“ಚಾಕು ಇರ್ಲಿಲ್ಲ. ಕಳ್ಳನೂ ಇರ್ಲಿಲ್ಲ. ನಾನು ಏನೂ ತೋರಿಸ್ಲಿಲ್ಲ, ಬೀಸ್ಲಿಲ್ಲ. ಯಾರೋ ಮುಟ್ಟಿದ್ರು, ಹೆದರಿ ಕಿರುಚ್ದೆ, ಪೆಟ್ಟಿಗೆ ಬಿತ್ತು. ಅಷ್ಟೇ ಸಾರ್.”

ಕಾರ್ಯದರ್ಶಿಗಳು ಅವರನ್ನು ನೋಡಿದ ನೋಟದಲ್ಲಿ ಬಲ್ಬೊಂದು ಶಾಶ್ವತವಾಗಿ ಆರಿತು. ಭಾಮೈದ ಹನ್ನೆರಡು ಕಂಡಿಕೆಗಳ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದ. ಗೇಟ್‌ಮನ್ ಕೆಮ್ಮಿದ.

“ಅವರು ಬೀಸ್ಲಿಲ್ಲ ಸಾರ್. ಝಣ್ ಅಂತ ಸದ್ದಾಯ್ತು, ನಾನು ಓಡಿದೆ. ಟಾರ್ಚು ಗೇಟಿನಲ್ಲೇ ಬಿಟ್ಟಿದ್ದೆ.” ಜೇಬಿನಿಂದ ಮಡಿಸಿದ ಕಾಗದ ತೆಗೆದ. “ಈ ಪಾಸಿಗೆ ಮುದ್ರೆ ಒತ್ತಿ ಕೊಡೋಣ ಅಂತ ಹೋಗಿದ್ದು. ಇಲ್ಲಾಂದ್ರೆ ನಾಳೆ ಯಾರಾದ್ರೂ ಮಾಸ್ತರನ್ನ ಕಳ್ಳ ಅಂದಾರು.”

ಅಧಿಕಾರಿ ಎರಡೂ ದೂರುಗಳಿಗೆ ಅಡ್ಡಗೆರೆ ಎಳೆದು, ಪಾಸು ಬಿಡಿಸಿ ನೋಡಿದರು. “ಕತ್ತರಿ ನಿಮ್ಮದೇ, ಒಪ್ಪಿದೆ. ಆದ್ರೆ ಒಂಬತ್ತೂ ಕಾಲು ಹಾಗೇ ಉಳೀತಲ್ಲ! ಇಲ್ಲಿ ‘ಹೊರಗೆ ಒಯ್ಯುವ ಉದ್ದೇಶ’ ಖಾಲಿ ಇದೆ. ನೆನಪಿಗೆ ಅಂತ ಬರೆದ್ರೆ ಅದು ಕಾರಣವಲ್ಲ. ಪರವಾನಗಿ ಕೊಡೋಣ ಅಂದ್ರೆ ಫಾರಮ್ಮಿನಲ್ಲಿ ಬಂದೂಕು, ಕತ್ತಿ, ಈಟಿ ಇದೆ, ಕತ್ತರಿ ಇಲ್ಲ. ಕಸುಬಿಗೆ ಅಂತಿದ್ರೆ ಈಗಲೇ ಕೊಟ್ಟು ಕಳಿಸ್ತಿದ್ದೆ.”

“ಕಸುಬು ನಿನ್ನೆ ಐದಕ್ಕೆ ಮುಗೀತು ಸಾರ್,” ಎಂದ ಭಾಮೈದ. ಪ್ರಾಮಾಣಿಕತೆ ಅಂಟುರೋಗದ ಹಾಗೆ ಆ ಕೋಣೆಯಲ್ಲಿ ಹಬ್ಬಿತ್ತು.

“ನೀನು ಸುಮ್ನಿರೋ,” ಎಂದು ಹೆಂಡತಿ ಎದ್ದಳು. ಇಷ್ಟು ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದ ಚೀಲದಿಂದ ಕಡುನೀಲಿ ಬಟ್ಟೆ ತೆಗೆದು ಅಧಿಕಾರಿಯ ಮೇಜಿನ ಮೇಲೆ ಇಟ್ಟಳು. ಹತ್ತೊಂಬತ್ತು ವರ್ಷದ ಮಡಿಕೆಗಳು ಬಿಳಿಚಿಕೊಂಡು ಗೆರೆಯಾಗಿದ್ದವು. “ಯಾವ ಕಸುಬು ಮುಗೀತು? ಇದು ಮುಗೀತಾ? ಬರ್ಕೊಳ್ಳಿ ಸಾರ್, ಕೆಲಸ ಬಾಕಿ ಇದೆ.”

ಅಧಿಕಾರಿ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಆಮೇಲೆ ತಮ್ಮದೇ ಸಮವಸ್ತ್ರದ ತೋಳನ್ನೊಮ್ಮೆ ನೋಡಿಕೊಂಡು, ಉದ್ದೇಶ ಎಂಬಲ್ಲಿ ‘ಕೆಲಸ ಬಾಕಿ ಇದೆ’ ಎಂದು ಬರೆದು, ಪೆಟ್ಟಿಗೆಯನ್ನು ಮಾಸ್ತರ ಕಡೆ ಸರಿಸಿದರು. ಗೇಟ್‌ಮನ್ ಇನ್ನೊಂದು ಜೇಬಿನಿಂದ ಮುದ್ರೆ ತೆಗೆದು, ಅದರ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಒತ್ತಿದ. ಬಾಗಿಲ ತನಕ ಬಂದು, ಅಭ್ಯಾಸ ತಪ್ಪದಂತೆ, ಪೆಟ್ಟಿಗೆ ತೆರೆಸಿ ಒಂದು ಸಲ ನೋಡಿದ.

ಮಾಸ್ತರೂ ಹೆಂಡತಿಯೂ ಕಟ್ಟಡಕ್ಕೆ ಮರಳಿದರು. ಎದುರುಮನೆಯಾಕೆ ಒಬ್ಬಳೇ ಬಸ್ಸಿಗೆ ಹೊರಟಿದ್ದವಳು ಇವರನ್ನು ಕಂಡು ತಲೆಯಾಡಿಸಿ ಹೋದಳು. ಸುದ್ದಿ ಆಗಲೇ ಬಂದಿತ್ತು. ಕತ್ತಲ ಮೆಟ್ಟಿಲಲ್ಲಿ ಹೆಂಡತಿ ಮುಂದೆ ನಡೆದಳು.

“ನಿನಗೆ ಯಾವಾಗ ಗೊತ್ತಾಯ್ತು?” ಎಂದರು ಮಾಸ್ತರು ಹಿಂದಿನಿಂದ.

“ನಿನ್ನೇನೇ. ಹನ್ನೆರಡು ಅಂದ್ರಿ, ಕೈ ಹತ್ತು ತೋರಿಸ್ತು. ಬೆಳಿಗ್ಗೆ ಕಾರ್ಯದರ್ಶಿಗಳಿಗೆ ಹದಿನಾಲ್ಕು ತೋರಿಸಿದ್ರಿ. ಇದ್ದ ಚಾಕುವಿಗಾದ್ರೆ ನಿಮ್ಮ ಕೈ ಹಾಗೆ ಅಲ್ಲಾಡ್ತಿರ್ಲಿಲ್ಲ.”

ಮನೆಯಲ್ಲಿ ಮೇಜು ಒರೆಸಿ ಬಟ್ಟೆ ಹಾಸಿದರು. ಮಾಸ್ತರು ಸೀಮೆಸುಣ್ಣ ಹಿಡಿದು ಬಗ್ಗಿದವರು ಹಾಗೇ ನಿಂತರು. ಸೈಜು ಎಷ್ಟು ಎಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರು ಜೀವಂತ ಮನುಷ್ಯರೊಬ್ಬರನ್ನೂ ಅಳೆದಿರಲಿಲ್ಲ. ಹೆಂಡತಿ ತಾನೇ ಮುಂದೆ ಬಂದು ತೋಳುಗಳನ್ನು ಸ್ವಲ್ಪ ಅಗಲಿಸಿ ನಿಂತಳು.

ಭುಜ ಅಳೆದರು, ತೋಳು ಅಳೆದರು. ಒಂದರಿಂದ ಏಳರೊಳಗಿನ ಯಾವ ಒಂದು ಸೈಜಿಗೂ ಎರಡೂ ಒಟ್ಟಿಗೆ ಕೂರಲಿಲ್ಲ. ಭುಜ ಮೂರರದು, ತೋಳು ಐದರದು. ಪ್ರತಿ ಅಂಕಿಗೂ ಬೆರಗಾಗುತ್ತ ಬರೆದುಕೊಂಡರು. ಆಮೇಲೆ ಸೊಂಟಕ್ಕೆ ಟೇಪು ಸುತ್ತಿದರು, ಮೆಲ್ಲಗೆ, ತೀರ ಮೆಲ್ಲಗೆ.

“ಬಿಗಿಯಾಗಿ ಹಿಡೀರಿ,” ಎಂದಳು ಹೆಂಡತಿ. “ಎಷ್ಟು?”

ಮಾಸ್ತರು ಟೇಪು ನೋಡಿದರು. ಹೆಂಡತಿಯ ಮುಖ ನೋಡಿದರು. ಎರಡು ಇಂಚು ಕಡಿಮೆ ಹೇಳಿದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಆದರೆ ಅವಳು ಅವರ ಕೈಗಳನ್ನೇ ನೋಡುತ್ತಿದ್ದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೇಳಿ ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆ ಗೋಡೆ ಇತ್ತು. ಈ ಸಲ ನಿಜವಾಗಿಯೂ ಇತ್ತು.